5/2 ಮತ್ತು 29: ಎರಡೂ ಸರಿ ಹೇಗೆ?

ಬೆಂಗಳೂರು ರೇಸಿನ ಫಲಿತಾಂಶವನ್ನು ಕತ್ತರಿಸಿ ಅಂಟಿಸಿ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಟೋಟ್ 29 (ವಿ), 14, 22, 17 (ಪ್ಲೇ), ಎಸ್‌ಎಚ್‌ಪಿ 61, ಎಫ್‌ಪಿ 126, ಕ್ಯೂ 70. ಇದು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಲಾಗಲಿಲ್ಲ. ಗೆದ್ದ ಕುದುರೆಗೆ 5/2 ಇತ್ತು ಅಂತ ಬೇರೆ ಹಾಕಿದ್ದೀರಿ. 29 ಸರಿಯೋ, 5/2 ಸರಿಯೋ? ಇದನ್ನೆಲ್ಲ ಕನ್ನಡದಲ್ಲಿ ಹಾಕಲು ನಿಮಗೇನು ಕಷ್ಟ?’

ಎರಡೂ ಸರಿ. 5/2 ಬುಕ್ಕಿಯ ದರ, 29 ಟೋಟ್‌ನ, ಅಂದರೆ ಬಾಜಿಯ ಹಣವನ್ನೆಲ್ಲ ಕೂಡಿಸಿ ಗೆದ್ದವರಿಗೆ ಹಂಚುವ ಕೌಂಟರಿನ, ಲೆಕ್ಕ. ರೇಸ್‌ಕೋರ್ಸಿನಲ್ಲಿ ಬಾಜಿ ಕಟ್ಟಲು ಇರುವ ಎರಡು ದಾರಿಗಳಿವು. ಒಂದರ ಭಾಷೆಯಲ್ಲಿ ಇನ್ನೊಂದನ್ನು ಓದಿದರೆ ಗೊಂದಲ ತಪ್ಪಿದ್ದಲ್ಲ.

ಬುಕ್ಕಿಯ 5/2 ಅಂದರೆ ಎರಡು ರೂಪಾಯಿ ಕಟ್ಟಿದರೆ ಐದು ರೂಪಾಯಿ ಲಾಭ. ಕಟ್ಟಿದ ಅಸಲು ಈ ಭಿನ್ನರಾಶಿಯಲ್ಲಿ ಸೇರಿಲ್ಲ. ₹10 ಕಟ್ಟಿದ್ದರೆ 25 ಲಾಭ, ಅಸಲು ಸೇರಿ ಕೈಗೆ 35. ಚೀಟಿ ಬರೆಸಿದ ಗಳಿಗೆಯ ದರವೇ ನಿಮ್ಮದು. ಆಮೇಲೆ ಫಲಕದಲ್ಲಿ ಅದು 7/4ಕ್ಕೆ ಇಳಿಯಲಿ, 4/1ಕ್ಕೆ ಏರಲಿ, ನಿಮ್ಮ ಚೀಟಿ ಬದಲಾಗದು.

ಟೋಟ್‌ನಲ್ಲಿ ಎದುರಾಳಿ ಬುಕ್ಕಿಯಲ್ಲ, ನಿಮ್ಮ ಹಾಗೆ ಟಿಕೆಟ್ ಕೊಂಡ ಉಳಿದ ಜನ. ವಿನ್ ಪೂಲ್‌ನಲ್ಲಿ, ಅಂದರೆ ‘ಇದೇ ಗೆಲ್ಲುತ್ತದೆ’ ಎಂಬ ಬಾಜಿಗಳ ಹಣದಲ್ಲಿ, ಒಟ್ಟು ಒಂದು ಲಕ್ಷ ರೂಪಾಯಿ ಬಿತ್ತು ಅನ್ನಿ. ಕಡಿತ 20% ಎಂದಿಟ್ಟುಕೊಂಡರೆ ಹಂಚಲು ಉಳಿಯುವುದು 80,000. ಗೆದ್ದ ಕುದುರೆಯ ಮೇಲೆ ಬಿದ್ದದ್ದು 27,500 ಆಗಿದ್ದರೆ ಪ್ರತಿ ₹10ಕ್ಕೆ 29 ರೂಪಾಯಿ ಚಿಲ್ಲರೆ ಬರುತ್ತದೆ. ಚಿಲ್ಲರೆ ಬಿಟ್ಟರೆ 29. ಇದರಲ್ಲಿ ಅಸಲು ಸೇರಿದೆ, ಹಾಗಾಗಿ ಲಾಭ 19 ಮಾತ್ರ. ಅದೇ ಕುದುರೆಗೆ ಬುಕ್ಕಿಯ ಬಳಿ 25 ಇತ್ತು. ಇನ್ನೊಂದು ರೇಸಿನಲ್ಲಿ ಟೋಟ್ ಹೆಚ್ಚು ಕೊಟ್ಟೀತು. ಕುದುರೆಗಳು ಓಟ ಹೊರಡುವ ಗೇಟು ಸೇರುವ ಹೊತ್ತಿಗೆ ಕೌಂಟರಿಗೆ ನುಗ್ಗುವ ದುಡ್ಡು ಈ ಅಂಕಿಯನ್ನು ಮೇಲೆ ಕೆಳಗೆ ಮಾಡುತ್ತಲೇ ಇರುತ್ತದೆ. ಟಿಕೆಟ್ ಕೊಳ್ಳುವಾಗ ಪರದೆಯ ಮೇಲೆ ಕಂಡದ್ದು ಅಂದಾಜು ಅಷ್ಟೇ.

ಈಗ ನಿಮ್ಮ ಸಾಲಿಗೆ ಬರೋಣ. ಎಲ್ಲ ಅಂಕಿಯೂ ₹10ರ ಟಿಕೆಟ್ಟಿಗೆ. (ವಿ) ಅಂದರೆ ವಿನ್, (ಪ್ಲೇ) ಅಂದರೆ ಪ್ಲೇಸ್. 14, 22, 17 ಕ್ರಮವಾಗಿ ಮೊದಲ, ಎರಡನೇ, ಮೂರನೇ ಕುದುರೆಯ ಪ್ಲೇಸ್ ಹಣ. ಪ್ಲೇಸ್ ಟಿಕೆಟ್ ಅಂದರೆ ‘ಮೊದಲ ಮೂರರಲ್ಲಿ ಎಲ್ಲಾದರೂ ಬರಲಿ’ ಎಂಬ ಬಾಜಿ. ಓಡುವ ಕುದುರೆ ಎಂಟಕ್ಕಿಂತ ಕಡಿಮೆಯಿದ್ದರೆ ಎರಡಕ್ಕೇ ಹಣ. ಆಗ ಇಲ್ಲಿ ಎರಡೇ ಅಂಕಿ ಇರುತ್ತದೆ. ಎಸ್‌ಎಚ್‌ಪಿ ಎಂದರೆ ಸೆಕೆಂಡ್ ಹಾರ್ಸ್ ಪೂಲ್. ಕುದುರೆ ಸರಿಯಾಗಿ ಎರಡನೆಯದಾಗಿಯೇ ಬರಬೇಕು. ಗೆದ್ದುಬಿಟ್ಟರೂ ನಿಮ್ಮ ದುಡ್ಡು ಹೋಯಿತು! ಅದಕ್ಕೇ ಅದೇ ಕುದುರೆಗೆ ಪ್ಲೇಸ್‌ನಲ್ಲಿ 22, ಎಸ್‌ಎಚ್‌ಪಿಯಲ್ಲಿ 61. ಎಫ್‌ಪಿ ಫೋರ್‌ಕಾಸ್ಟ್: ಮೊದಲೆರಡು ಕುದುರೆಗಳನ್ನು ಬಂದ ಕ್ರಮದಲ್ಲೇ ಹೇಳಬೇಕು. ಕ್ಯೂ ಎಂದರೆ ಕ್ವಿನೆಲ್ಲಾ, ಅದೇ ಜೋಡಿ ಹಿಂದುಮುಂದಾದರೂ ಆಗುತ್ತದೆ. 126ಕ್ಕೂ 70ಕ್ಕೂ ಇರುವ ಅಂತರ ಆ ಕ್ರಮದ ಬೆಲೆ.

ಟ್ರೆಬಲ್ ಮೂರು ರೇಸಿನ, ಮಿನಿ ಜಾಕ್‌ಪಾಟ್ ನಾಲ್ಕರ, ಜಾಕ್‌ಪಾಟ್ ಐದರ ವಿಜೇತರನ್ನು ಹೇಳುವ ಬಾಜಿಗಳು. ಹೊಸಬರ ಜೇಬು ಹರಿಯುವುದು ಇಲ್ಲೇ. ಐದು ರೇಸಿನಲ್ಲಿ 3, 2, 1, 2, 4 ಕುದುರೆ ಗುರುತು ಹಾಕಿದರೆ ಅದು ಒಂದು ಟಿಕೆಟ್ಟಲ್ಲ, ಗುಣಿಸಿ ನೋಡಿ, 48. ಒಂದಕ್ಕೆ ₹10 ಅಂದರೂ 480. ಒಂದು ರೇಸಿಗೆ ‘ಇದೂ ಇರಲಿ’ ಅಂತ ಒಂಟಿ ಕುದುರೆಯ ಪಕ್ಕ ಇನ್ನೊಂದನ್ನು ಸೇರಿಸಿದಿರೋ, ಮೊತ್ತ ನೇರ 960.

ಡೆಡ್ ಹೀಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಗೆರೆ ದಾಟುವ ಚಿತ್ರ ನೋಡುವ ಫೋಟೊ ಫಿನಿಶ್‌ನಲ್ಲೂ ಎರಡು ಕುದುರೆ ಸಮವಾದರೆ ಬುಕ್ಕಿ ಲಾಭವನ್ನು ಅರ್ಧ ಮಾಡುವುದಿಲ್ಲ, ಬಾಜಿಯನ್ನು ಅರ್ಧ ಮಾಡುತ್ತಾನೆ. 4/1ಕ್ಕೆ ₹100 ಕಟ್ಟಿದ್ದರೆ 50 ಸೋತಂತೆ, ಉಳಿದ 50ಕ್ಕೆ ಅಸಲು ಸೇರಿ 250. ನಿಜವಾದ ಲಾಭ 150. ಇನ್ನೂರು ಬರಬೇಕಿತ್ತು ಅಂತ ಕೌಂಟರಿನಲ್ಲಿ ಜಗಳ ತೆಗೆಯುವವರು ಎಡವುವುದು ಇಲ್ಲಿ.

ಇನ್ನು ರೇಸ್ ಕಾರ್ಡು. ಕುದುರೆಯ ಹೆಸರಿನ ಪಕ್ಕ ಆವರಣದಲ್ಲಿರುವ ಅಂಕಿ ಗೇಟಿನ ಸ್ಥಾನ, ಅದರ ರ‍್ಯಾಂಕ್ ಅಲ್ಲ. ಜಾಕಿಯ ಹೆಸರಿನ ನಂತರದ 56.5 ಕುದುರೆ ಹೊರಬೇಕಾದ ತೂಕ, ಕೆ.ಜಿ.ಯಲ್ಲಿ, ಜಾಕಿ, ಜೀನು ಸೇರಿಯೂ ಕಡಿಮೆ ಬಿದ್ದರೆ ಸೀಸದ ಪಟ್ಟಿ ಇಟ್ಟು ಸರಿದೂಗಿಸುತ್ತಾರೆ. ರೇಟಿಂಗ್ ಅಂದರೆ ಕುದುರೆಯ ಸಾಮರ್ಥ್ಯದ ಅಂಕ. ‘ರೇಟಿಂಗ್ 20ರಿಂದ 45’ ಎಂಬ ಹ್ಯಾಂಡಿಕ್ಯಾಪ್ (ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸುವ) ರೇಸಿನಲ್ಲಿ ಒಂದು ಅಂಕಕ್ಕೆ ಅರ್ಧ ಕೆ.ಜಿ.; 45ರ ಕುದುರೆ 60 ಕೆ.ಜಿ. ಹೊತ್ತರೆ 35ರದ್ದಕ್ಕೆ 55. ಮೇಡನ್ ಎಂದರೆ ಇನ್ನೂ ಒಂದೂ ರೇಸ್ ಗೆಲ್ಲದ್ದು, ಗಂಡಾದರೂ ಹಾಗೇ ಕರೆಯುತ್ತಾರೆ. ಗೆಲ್ಡಿಂಗ್ ಅಂದರೆ ಬೀಜ ತೆಗೆಸಿದ ಗಂಡು ಕುದುರೆ.

ಕನ್ನಡದಲ್ಲಿ ಏಕೆ ಹಾಕುವುದಿಲ್ಲ? ‘ದ್ವಿತೀಯ ಅಶ್ವ ನಿಧಿ’ ಅಂತ ಅಚ್ಚು ಹಾಕಬಹುದು, ಆದರೆ ಕೌಂಟರಿನಲ್ಲಿ ಹಾಗೆ ಕೇಳಿದರೆ ಟಿಕೆಟ್ ಸಿಗದು. ರೇಸಿಗೆ ಹೋಗುವ ಕನ್ನಡಿಗರ ಬಾಯಲ್ಲಿ ವಿನ್, ಪ್ಲೇಸ್, ಫೇವರಿಟ್ ಕನ್ನಡವೇ ಆಗಿಹೋಗಿವೆ. ಬಿಡಿಸಿ ಹೇಳದೆ ಬರೀ ಅಕ್ಷರಗಳನ್ನು ಸುರಿಯುವುದು ಬೇರೆ ಮಾತು. ಆ ದೂರು ಒಪ್ಪುತ್ತೇವೆ. ಮುಂದೆ ಪ್ರತಿ ಸೀಸನ್ನಿನ ಮೊದಲ ಫಲಿತಾಂಶದ ಕೆಳಗೆ ಸಂಕೇತಗಳ ಅರ್ಥ ಕೊಡುತ್ತೇವೆ.

ಅಂಕಿಗಳಲ್ಲಿ ಕಾಣದ ಒಂದು ವಿಷಯ ತೆರಿಗೆ. ಬಾಜಿಯ ಪೂರ್ತಿ ಮೊತ್ತದ ಮೇಲೆ ಮೊದಲು 28% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40%. ₹100ರ ಬಾಜಿಗೆ ತೆರಿಗೆಯನ್ನು ಮೇಲೆ ಸೇರಿಸಿದರೆ ಜೇಬಿನಿಂದ ಹೋಗುವುದು 140. ಇವನ್ಸ್ (ಕಟ್ಟಿದಷ್ಟೇ ಲಾಭ, 1/1) ದರದ ಕುದುರೆ ಗೆದ್ದರೆ ಬರುವುದು 200, ಅಂದರೆ ಲಾಭ 100 ಅಲ್ಲ, 60. ಎಲ್ಲರೂ ಗೆಲ್ಲುತ್ತದೆ ಅನ್ನುವ ಫೇವರಿಟ್‌ಗೆ ದರ 2/5 ಇದ್ದರೆ ಕೈಗೆ ಬರುವುದೂ 140. ಕುದುರೆ ಗೆದ್ದರೂ ನಿಮಗೆ ಒಂದು ರೂಪಾಯಿ ಹುಟ್ಟುವುದಿಲ್ಲ, ಸೋತರೆ ಮಾತ್ರ ಪೂರ್ತಿ ಹೋಗುತ್ತದೆ.

— ಸಂ.