ಜಗಳದ ಕೇಸಿನಲ್ಲಿ ತಪ್ಪೊಪ್ಪಿಕೊಂಡ ತಮ್ಮನಿಗೆ ಮೂರು ವಾರದ ಹಿಂದೆ ಆರು ತಿಂಗಳು ಜೈಲಾಗಿದೆ, ಇದು ಅವನ ಮೊದಲ ಕೇಸು, ವಕೀಲರಿಗೆ ದುಡ್ಡಿಲ್ಲ. ಅಪೀಲಿನಲ್ಲಿ ಅವನು ನಿರಪರಾಧಿ ಅಂತ ತೋರಿಸುವುದು ಹೇಗೆ?

ತೋರಿಸಲು ಹೋಗಲೇಬೇಡಿ. ಅದನ್ನು ತೋರಿಸಲು ಹೋಗಿಯೇ ನಾನು ಜೈಲು ಸೇರಿದ್ದು.

ನನ್ನದು ಗೂಡ್ಸ್ ಆಟೋ. ತಿರುವಿನಲ್ಲಿ ಬೈಕಿಗೆ ತಗುಲಿ ಸವಾರನ ಕಾಲು ಮುರಿಯಿತು. ಆಗಿನ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 279 (ಅಜಾಗರೂಕ ಚಾಲನೆ), 338 (ಅಜಾಗರೂಕತೆಯಿಂದ ತೀವ್ರ ಗಾಯ) ಹಾಕಿದರು. "ಒಪ್ಕೊಂಡ್ಬಿಡು, ಫೈನ್ ಕಟ್ಟಿ ಸಂಜೆಗೆ ಮನೆಗೆ ಹೋಗ್ತೀಯ" ಅಂತ ಕೋರ್ಟ್ ವರಾಂಡದಲ್ಲಿ ಸಿಕ್ಕವರೆಲ್ಲ ಹೇಳಿದರು. 338ರಲ್ಲಿ ಎರಡು ವರ್ಷದವರೆಗೂ ಜೈಲಿಗೆ ಹಾಕಬಹುದು ಅಂತ ಒಬ್ಬರೂ ಹೇಳಲಿಲ್ಲ. ಒಪ್ಪಿಕೊಂಡೆ. ಮೂರು ತಿಂಗಳ ಸಾದಾ ಸಜೆ ಆಯಿತು.

ಜಾಮೀನಿನ ಮೇಲಿದ್ದು ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಿದೆವು. ಅದರಲ್ಲಿ ಬರೆಸಿದ್ದೆಲ್ಲ ಅಪಘಾತದ ಕತೆ. ಬ್ರೇಕ್ ಹಿಡಿಯಲಿಲ್ಲ, ಬೈಕ್ ರಾಂಗ್ ಸೈಡಲ್ಲಿ ಬಂತು, ನನ್ನ ತಪ್ಪಿಲ್ಲ. ಎಲ್ಲ ನಿಜವೇ, ಆದರೆ ಆಗಿನ ಕ್ರಿಮಿನಲ್ ಕೇಸು ನಡೆಸುವ ಕಾನೂನಾದ ಸಿಆರ್‌ಪಿಸಿ 375ರ ಪ್ರಕಾರ ತಪ್ಪೊಪ್ಪಿಕೊಂಡವನ ಅಪೀಲಿನಲ್ಲಿ ಕೇಳುವುದು ಎರಡೇ ಮಾತು: ಶಿಕ್ಷೆ ಜಾಸ್ತಿಯಾಯಿತಾ, ಶಿಕ್ಷೆ ಕಾನೂನಿನ ಪ್ರಕಾರ ಇದೆಯಾ. 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲೂ ಹಾಗೇ, ಸೆಕ್ಷನ್ 416. ಜಡ್ಜ್ ನೇರವಾಗಿ ಕೇಳಿದರು, "ಅಪಘಾತದ ವಿಷಯ ಬಿಡಿ, ಶಿಕ್ಷೆ ಯಾಕೆ ಕಡಿಮೆ ಮಾಡಬೇಕು?" ನಮ್ಮ ಫೈಲಿನಲ್ಲಿ ಅದಕ್ಕೆ ಒಂದು ಹಾಳೆಯೂ ಇರಲಿಲ್ಲ. ಗಾಯಾಳುವಿನ ಆಸ್ಪತ್ರೆ ಬಿಲ್ ನಾನೇ ಕಟ್ಟಿದ್ದೆ, ರಸೀದಿ ಬೀರುವಿನಲ್ಲಿತ್ತು. ಹಿಂದೆ ಒಂದೂ ಕೇಸಿಲ್ಲ, ಮನೆಯಲ್ಲಿ ದುಡಿಯುವವನು ನಾನೊಬ್ಬನೇ, ಅದನ್ನೂ ಬರೆಸಿರಲಿಲ್ಲ. ಅಪೀಲು ವಜಾ ಆಯಿತು, ಸರೆಂಡರ್ ಆದೆ. ಆಮೇಲೆ ಹೈಕೋರ್ಟಿನಲ್ಲಿ ರಿವಿಷನ್ (ಕೆಳ ಕೋರ್ಟಿನ ಆದೇಶ ಸರಿಯೇ ಅಂತ ಮೇಲಿನ ಕೋರ್ಟು ನೋಡುವ ಅರ್ಜಿ) ಹಾಕಿ ಅದೇ ರಸೀದಿಗಳನ್ನು ಇಟ್ಟಾಗ, ಒಳಗೆ ಕಳೆದಷ್ಟು ದಿನ ಸಾಕು ಅಂತ ಶಿಕ್ಷೆ ಇಳಿಸಿ ಫೈನ್ ಹಾಕಿದರು. ಮೊದಲೇ ಇಟ್ಟಿದ್ದರೆ ಜೈಲಿನ ಬಾಗಿಲು ನೋಡುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ನಿಮ್ಮ ತಮ್ಮನದು ಜಗಳದ ಕೇಸು, ಮೊದಲ ಸಲ ಅಂತೀರಿ. ಹಾಗಿದ್ದರೆ 1958ರ ಪ್ರೊಬೇಷನ್ ಕಾಯ್ದೆಯಡಿ (ಜೈಲಿನ ಬದಲು ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು) ಬಿಡಿ ಅಂತ ಕೇಳಿ, ಅಪೀಲು ಕೋರ್ಟಿಗೂ ಆ ಅಧಿಕಾರ ಇದೆ. ಶಿಕ್ಷೆಯಾದ ದಿನದಿಂದ 30 ದಿನದೊಳಗೆ ಅಪೀಲು ಹಾಕಬೇಕು. ಮೂರು ವಾರ ಆಗಲೇ ಹೋಗಿದೆ ಅಲ್ವಾ, ಸುಮ್ನೆ ಕೂರಬೇಡಿ. ಜೊತೆಗೇ ಅಪೀಲು ಮುಗಿಯುವವರೆಗೆ ಶಿಕ್ಷೆ ಅಮಾನತಿನಲ್ಲಿಡಲೂ (ತಡೆಹಿಡಿಯಲೂ) ಅರ್ಜಿ ಹಾಕಿಸಿ.

ಆರ್ಡರ್ ಶೀಟ್ (ಕೋರ್ಟಿನಲ್ಲಿ ದಿನದಿನ ನಡೆದದ್ದನ್ನು ಬರೆದ ಹಾಳೆ) ಮತ್ತು ತಪ್ಪೊಪ್ಪಿಗೆ ಬರೆದುಕೊಂಡ ಹಾಳೆಯ ನಕಲು ಈಗಲೇ ತೆಗೆಸಿ. ನನ್ನದರಲ್ಲಿ ಅಚ್ಚು ಹಾಕಿದ ಪ್ರಶ್ನೆ, ಮುಂದೆ ಪೆನ್ನಲ್ಲಿ "ಹೌದು", ಕೆಳಗೆ ನನ್ನ ಸಹಿ, ಅಷ್ಟೇ. ಆರೋಪಿ ಹೇಳಿದ್ದನ್ನು ಆದಷ್ಟು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ನಿಮ್ಮ ತಮ್ಮನಿಗೆ ಆರೋಪವನ್ನೇ ಓದಿ ಹೇಳಿಲ್ಲ, ಅಥವಾ ಫೈನ್ ಅಷ್ಟೇ ಅಂತ ನಂಬಿಸಿ ಒಪ್ಪಿಸಿದ್ದಾರೆ ಅನ್ನುವುದಾದರೆ ಅದು ಬೇರೆಯೇ ವಾದ, ರಿವಿಷನ್‌ನಲ್ಲಿ ಅದನ್ನು ಎತ್ತಬಹುದು. ನಮ್ಮ ರಾಜ್ಯದಿಂದಲೇ ಹೋಗಿ 1983ರಲ್ಲಿ ವರದಿಯಾದ ತಿಪ್ಪಸ್ವಾಮಿ ಕೇಸನ್ನು ವಕೀಲರಿಗೆ ಹೇಳಿ. ಕಡಿಮೆ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ ಆಮೇಲೆ ಶಿಕ್ಷೆ ಏರಿಸುವುದು ಅನ್ಯಾಯ ಅಂತ ಸುಪ್ರೀಂ ಕೋರ್ಟ್ ಅದನ್ನು ಹೊಸದಾಗಿ ವಿಚಾರಣೆಗೆ ಕಳಿಸಿತು.

ವಕೀಲರಿಗೆ ದುಡ್ಡಿಲ್ಲ ಅಂದಿರಿ. ಜೈಲಿನಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಹೋಗುವಾಗ ರಸೀದಿಗಳನ್ನೆಲ್ಲ ತೆಗೆದುಕೊಂಡು ಹೋಗಿ.