ಚೆಕ್‌ಇನ್ ಬ್ಯಾಗಿಂದ ಒಡವೆ ಹೋದ್ರೆ ಯಾರನ್ನ ಕೇಳೋದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಡೊಂಬಿವಲಿಯವರು. ತಂಗಿ ಮಗಳ ಮದುವೆ ಮುಗಿಸ್ಕೊಂಡು ಮಂಗಳೂರಿಂದ ಮುಂಬಯಿಗೆ ಫ್ಲೈಟಲ್ಲಿ ಬಂದ್ವಿ. ಕೈಚೀಲ ತುಂಬಿ ಹೋಗಿತ್ತು ಅಂತ ಒಡವೆ ಡಬ್ಬಿನ ಸೀರೆಗಳ ಮಧ್ಯ ಇಟ್ಟು ದೊಡ್ಡ ಸೂಟ್‌ಕೇಸಲ್ಲಿ ಹಾಕಿದ್ದೆ, ನಂಬರ್ ಲಾಕ್ ಕೂಡ ಇತ್ತು. ಮಾರನೇ ದಿನ ತೆಗೆದು ನೋಡಿದ್ರೆ ಡಬ್ಬಿ ಇದೆ, ಒಳಗೆ ಎರಡು ಬಳೆ, ಒಂದು ನೆಕ್ಲೆಸ್ ಇಲ್ಲ. ಲಾಕ್ ಹಾಕಿದ ಹಾಗೇ ಇದೆ, ಬ್ಯಾಗ್ ಎಲ್ಲೂ ಹರಿದಿಲ್ಲ. ಏರ್‌ಲೈನ್‌ಗೆ ಮೇಲ್ ಹಾಕಿದ್ರೆ ಬೆಲೆಬಾಳೋ ವಸ್ತು ಚೆಕ್‌ಇನ್ ಬ್ಯಾಗಲ್ಲಿ ಇಡಬಾರ್ದು, ನಾವು ಜವಾಬ್ದಾರರಲ್ಲ ಅಂತ ಉತ್ತರ ಬಂತು. ಮನೆಯವರು ಲಾಕ್ ಸರಿ ಇದೆ ಅಂದ್ಮೇಲೆ ಮದುವೆ ಮನೇಲೇ ಹೋಗಿರ್ಬೇಕು ಅಂತಾರೆ. ಈಗ ನೆಂಟರ ಮೇಲೆ ಅನುಮಾನ ಪಡೋ ಹಾಗಾಗಿದೆ. ಏನ್ ಮಾಡ್ಲಿ?

ಉತ್ತರ: ಅಕ್ಕಾ, ನಿಮ್ಮ ಪತ್ರ ಬಂದಾಗ ಬ್ಯಾಗ್ ಕೈಗೆ ಬಂದು ಇನ್ನೂ 3 ದಿನ ಆಗಿತ್ತು ಅಷ್ಟೇ, ಸಂಚಿಕೆ ಬರೋ ತನಕ ಕಾದ್ರೆ ಗಡುವು ಮುಗಿಯುತ್ತೆ ಅಂತ ಮುಖ್ಯ ವಿಷಯ ಅವತ್ತೇ ಬರೆದು ಕಳಿಸಿದ್ವಿ, ಉಳಿದವರಿಗೂ ಬೇಕಾಗುತ್ತೆ ಅಂತ ಈಗ ಪೂರ್ತಿ ಹಾಕ್ತಿದ್ದೀವಿ.

ಮೊದಲು ನೆಂಟರ ವಿಷಯ, ಯಾಕಂದ್ರೆ ಹಣಕ್ಕಿಂತ ಇದು ದೊಡ್ಡದು. ಲಾಕ್ ಸರಿ ಇದೆ ಅನ್ನೋದ್ರಿಂದ ಬ್ಯಾಗ್ ಯಾರೂ ತೆಗೆದಿಲ್ಲ ಅಂತ ಆಗಲ್ಲ. ಝಿಪ್ ಇರೋ ಸೂಟ್‌ಕೇಸನ್ನ ಒಂದು ಬಾಲ್‌ಪೆನ್ ತುದಿಯಿಂದ ತೆಗೀಬಹುದು, ಹಲ್ಲುಗಳ ಮಧ್ಯ ಪೆನ್ ಚುಚ್ಚಿ ಒತ್ತಿದ್ರೆ ಝಿಪ್ ಬಾಯಿ ಬಿಡುತ್ತೆ, ಕೈ ಹಾಕಿ ಬೇಕಾದ್ದು ತಗೊಂಡು, ಲಾಕ್‌ಗೆ ಸಿಕ್ಕಿಸಿರೋ ಎರಡೂ ರನ್ನರ್‌ನ ಜೊತೇಲೇ ಒಂದು ಸುತ್ತು ಎಳೆದ್ರೆ ಹಲ್ಲು ಮತ್ತೆ ಕೂತ್ಕೊಳ್ಳುತ್ತೆ, ಲಾಕ್ ಮುಟ್ಟೋ ಅವಶ್ಯಕತೆನೇ ಇಲ್ಲ. ಈಗ ಬ್ಯಾಗನ್ನ ಕಿಟಕಿ ಹತ್ರ ಬೆಳಕಲ್ಲಿಟ್ಟು ಝಿಪ್ ಪೂರ್ತಿ ನೋಡಿ. ಒಂದು ಕಡೆ ಎರಡು ಮೂರು ಹಲ್ಲು ಸ್ವಲ್ಪ ಸೊಟ್ಟ ಇದ್ರೆ, ಅಲ್ಲಿ ಬಟ್ಟೆ ಪಟ್ಟಿ ಉಬ್ಬಿದ್ರೆ, ಇಂಕಿನ ಕಲೆ ಇದ್ರೆ, ರನ್ನರ್‌ಗಳು ನೀವು ಬಿಟ್ಟ ಜಾಗ ಬಿಟ್ಟು ಬೇರೆ ಮೂಲೇಲಿದ್ರೆ ಹತ್ತಿರದಿಂದ ಫೋಟೋ ತೆಗೀರಿ, ಮತ್ತೆ ಆ ಬ್ಯಾಗ್ ಉಪಯೋಗಿಸ್ಬೇಡಿ, ರಿಪೇರಿಗೂ ಕೊಡಬೇಡಿ. ಟ್ಯಾಗ್ ಕೂಡ ಕೀಳಬೇಡಿ, ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿ ಕೊಟ್ಟ ಸಣ್ಣ ಚೀಟಿನೂ ಎತ್ತಿಡಿ. ಮದುವೆಗೆ ಬಂದವರಿಗೆ ಫೋನ್ ಮಾಡಿ ಒಡವೆ ನೋಡಿದ್ರಾ ಅಂತ ಕೇಳೋದನ್ನ ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ.

ಇನ್ನು ಗಡುವು. ಬ್ಯಾಗ್ ಒಳಗಿನ ಸಾಮಾನು ಹೋದ್ರೆ, ಬ್ಯಾಗ್ ಕೈಗೆ ಬಂದ 7 ದಿನದ ಒಳಗೆ ಏರ್‌ಲೈನ್‌ಗೆ ಬರವಣಿಗೇಲಿ ದೂರು ಹೋಗಿರ್ಬೇಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಬೆಲ್ಟ್ ಹತ್ರನೇ ನೋಡ್ಕೊಂಡಿದ್ರೆ ಅಲ್ಲೇ ಬ್ಯಾಗೇಜ್ ಕೌಂಟರಲ್ಲಿ ಪಿಐಆರ್ ಅಂತ ಒಂದು ಫಾರ್ಮ್ ಮಾಡಿಸ್ಬೇಕಿತ್ತು, ಪ್ರಾಪರ್ಟಿ ಇರ್‍ರೆಗ್ಯುಲಾರಿಟಿ ರಿಪೋರ್ಟ್, ಅದಕ್ಕೊಂದು ರೆಫರೆನ್ಸ್ ನಂಬರ್ ಕೊಡ್ತಾರೆ. ಅರೈವಲ್ ಬಾಗಿಲು ದಾಟಿ ಹೊರಗೆ ಬಂದ್ಮೇಲೆ ಮತ್ತೆ ಒಳಗೆ ಬಿಡಲ್ಲ. ದೂರು ಹೇಳದೆ ಬ್ಯಾಗ್ ತಗೊಂಡು ಹೋದ್ರೆ ಸರಿಯಾಗೇ ತಲುಪಿದೆ ಅಂತ ಅವರು ವಾದ ಮಾಡ್ತಾರೆ, ಆದ್ರೆ ಅದು ಕೊನೇ ಮಾತಲ್ಲ, ಸಾಕ್ಷಿ ಕೊಟ್ಟು ಅದನ್ನ ಸುಳ್ಳು ಅಂತ ತೋರಿಸೋಕೆ ನಿಮಗೆ ಅವಕಾಶ ಇದೆ. ಅದಕ್ಕೇ ಝಿಪ್ ಫೋಟೋ ಬೇಕು ಅಂದಿದ್ದು.

ಪೊಲೀಸ್ ಕಂಪ್ಲೇಂಟ್ ಬೇರೆ ದಾರಿ, ಎರಡೂ ಒಟ್ಟಿಗೆ ನಡೀಬೇಕು. ಒಡವೆ ಮಂಗಳೂರಿನ ಬಜಪೆ ಏರ್‌ಪೋರ್ಟಲ್ಲಿ ಹೋಯ್ತೋ ಮುಂಬಯಿಯಲ್ಲಿ ಹೋಯ್ತೋ ನಿಮಗೆ ಗೊತ್ತಿಲ್ಲ, ಗೊತ್ತಿರ್ಬೇಕಾಗೂ ಇಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಲ್ಲಿ ಅಪರಾಧ ಎಲ್ಲೇ ಆಗಿದ್ರೂ ಯಾವ ಠಾಣೆಯಲ್ಲಾದ್ರೂ ಎಫ್‌ಐಆರ್ ತಗೋಬೇಕು, ಝೀರೋ ಎಫ್‌ಐಆರ್ ಅಂತಾರೆ, ಆಮೇಲೆ ಅವರೇ ಸಂಬಂಧಪಟ್ಟ ಠಾಣೆಗೆ ಕಳಿಸ್ತಾರೆ. ಹೋಗೋಕೆ ಆಗೋದಾದ್ರೆ ನೇರ ಅಂಧೇರಿಗೆ ಹೋಗಿ, ಟರ್ಮಿನಲ್ 2ರಲ್ಲಿ ಇಳಿದಿದ್ರೆ ಸಹಾರ್ ಠಾಣೆ. ಅಲ್ಲಿನವರಿಗೆ ಇದು ಹೊಸದಲ್ಲ, ಯಾವ ಫ್ಲೈಟಿಗೆ ಯಾವ ಲೋಡರ್‌ಗಳು ಡ್ಯೂಟಿಯಲ್ಲಿದ್ರು ಅಂತ ಪಟ್ಟಿ ತರಿಸೋದು, ಸಿಸಿಟಿವಿ ನೋಡೋದು ಅವರಿಗೆ ಗೊತ್ತು, ಹಾಗೆ ಹಿಡಿದ ಸುದ್ದಿ ಮುಂಬಯಿ ಪೇಪರಲ್ಲಿ ಬಂದಿದೆ. ವಿಮಾನದ ಹೊಟ್ಟೆ ಒಳಗೆ ಕ್ಯಾಮೆರಾ ಇರಲ್ಲ, ಕೈ ಹಾಕೋರು ಹಾಕೋದು ಅಲ್ಲೇ. ಬಿಸಿಲು ಮಳೇಲಿ ಬ್ಯಾಗ್ ಹೊರೋ ಹುಡುಗರೆಲ್ಲಾ ಕಳ್ಳರು ಅಂತ ಹೇಳ್ತಿಲ್ಲ, ಬಹಳಷ್ಟು ಜನ ಮರ್ಯಾದೆಯಿಂದ ದುಡೀತಾರೆ, ಒಬ್ಬಿಬ್ಬರು ಮಾಡೋ ಕೆಲಸಕ್ಕೆ ಎಲ್ಲರ ಮೇಲೂ ಕಣ್ಣು. ಸಿಸಿಟಿವಿ ರೆಕಾರ್ಡಿಂಗ್ ಕೆಲವು ದಿನ ಆದ್ಮೇಲೆ ಅಳಿಸಿಹೋಗುತ್ತೆ, ಹಾಗಾಗಿ ಇಂಥ ಫ್ಲೈಟಿನ ಫುಟೇಜ್ ಉಳಿಸಿ ಅಂತ ದೂರಲ್ಲೇ ಬರೀರಿ.

ಎಫ್‌ಐಆರ್‌ನಲ್ಲಿ "ಬಂಗಾರದ ಬಳೆ 2, ನೆಕ್ಲೆಸ್ 1" ಅಂತ ಮಾತ್ರ ಬರೆಸಿದ್ರೆ ಸಾಲದು. ಬಿಲ್ ತೆಗೆದು ನೋಡಿ, ಈಚೆಗೆ ತಗೊಂಡಿದ್ರೆ ಪ್ರತಿ ಒಡವೆಗೂ ಹಾಲ್‌ಮಾರ್ಕ್ ಜೊತೆ 6 ಅಕ್ಷರ-ಅಂಕಿಯ ಎಚ್‌ಯುಐಡಿ ನಂಬರ್ ಇರುತ್ತೆ, 2023ರ ಏಪ್ರಿಲ್ 1ರಿಂದ ಅದಿಲ್ಲದೆ ಅಂಗಡಿಯವರು ಮಾರೋ ಹಾಗಿಲ್ಲ. ಆ ನಂಬರ್ ಬರೆಸಿ. ಹಳೇ ಒಡವೆ ಆದ್ರೆ ತೂಕ, ಕಲ್ಲಿನ ಬಣ್ಣ, ಕೊಕ್ಕೆ ಹೇಗಿದೆ ಅಂತ ಬರೆಸಿ, ಮದುವೆ ಫೋಟೋದಲ್ಲಿ ನೀವು ಹಾಕ್ಕೊಂಡಿರೋದನ್ನ ದೊಡ್ಡದು ಮಾಡಿ ಲಗತ್ತಿಸಿ. ನಾಳೆ ಮಾಲು ಸಿಕ್ಕಿದ್ರೆ ಪೊಲೀಸರು ಅದನ್ನ ಮುದ್ದೆಮಾಲು, ಅಂದ್ರೆ ಕೇಸಿನ ಸಾಕ್ಷಿ ವಸ್ತು ಅಂತ ಇಟ್ಕೊಂಡಿರ್ತಾರೆ, ಬಿಡಿಸಿಕೊಳ್ಳೋಕೆ ಕೋರ್ಟಿಗೆ ಅರ್ಜಿ ಹಾಕ್ಬೇಕು, ಆಗ ಇದು ನಮ್ದೇ ಅಂತ ತೋರಿಸೋದು ಈ ವಿವರಗಳಿಂದಲೇ.

ಏರ್‌ಲೈನಿಂದ ಎಷ್ಟು ಬರುತ್ತೆ ಅನ್ನೋದನ್ನೂ ಇದ್ದದ್ದು ಇದ್ದ ಹಾಗೆ ಹೇಳ್ತೀವಿ. ದೇಶದೊಳಗಿನ ಪ್ರಯಾಣಕ್ಕೆ ಒಬ್ಬರಿಗೆ 20,000 ರೂಪಾಯಿ ಮಿತಿ, ಅದರಲ್ಲೂ ಕೆಲವರು ಕಿಲೋಗೆ 350 ಅಂತ ಲೆಕ್ಕ ಹಾಕಿ ಇನ್ನೂ ಕಮ್ಮಿ ಹೇಳ್ತಾರೆ. ಎರಡು ಬಳೆಯ ಬೆಲೆ ಅಲ್ಲಿಂದ ಬರಲ್ಲ. ಹಾಗಂತ "ಜವಾಬ್ದಾರರಲ್ಲ" ಅನ್ನೋ ಒಂದು ಸಾಲಿನ ಮೇಲ್ ನೋಡಿ ಕೈ ಚೆಲ್ಲಬೇಡಿ. ದೂರು ನೋಡೋಕೆ ಅಂತ ಇರೋ ಅವರ ನೋಡಲ್ ಆಫೀಸರ್‌ಗೆ ಬರೀರಿ, ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕಿ, ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ. ಅಲ್ಲೂ ಆಗದಿದ್ರೆ ಗ್ರಾಹಕ ಆಯೋಗ ಇದೆ, 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಊರಲ್ಲೇ ಹಾಕಬಹುದು, ನಿಮಗೆ ಥಾಣೆ ಜಿಲ್ಲೆಯ ಗ್ರಾಹಕ ಆಯೋಗ, 2 ವರ್ಷದ ಒಳಗೆ. ಟಿಕೆಟ್ ಹಣ 5 ಲಕ್ಷದ ಒಳಗೆ ಇದ್ರೆ ಫೀಸೂ ಇಲ್ಲ, ವಕೀಲರು ಬೇಕೇ ಬೇಕು ಅಂತಾನೂ ಇಲ್ಲ. ಇಂಥ ಕೇಸುಗಳಲ್ಲಿ ಆಯೋಗಗಳ ತೀರ್ಪು ಒಂದೇ ಥರ ಬರಲ್ಲ, ಸಾಕ್ಷಿ ಗಟ್ಟಿ ಇದ್ದವರಿಗೆ ಸೇವಾ ನ್ಯೂನತೆ ಅಂತ ಪರಿಹಾರ ಸಿಗಬಹುದು, ಬರೀ ಬಾಯಿ ಮಾತಾದ್ರೆ ಕಷ್ಟ. ನಮ್ಮ ಅಭಿಪ್ರಾಯ ಕೇಳಿದ್ರೆ, ನಿಮ್ಮ ಬಂಗಾರ ವಾಪಸ್ ಬರೋ ದಾರಿ ಅಂದ್ರೆ ಎಫ್‌ಐಆರ್, ನಿಮ್ಮ ಶಕ್ತಿ ಮೊದಲು ಅದಕ್ಕೆ ಹಾಕಿ.

ಪ್ರಶ್ನೆ: ಸರ, ನಾವು ವಾಸ್ಕೋದಾಗ ಇರ್ತೀವ್ರಿ, ಮೂಲ ಬಾಗಲಕೋಟಿ. ನಮ್ಮ ಅಣ್ಣ ದುಬೈಯಿಂದ ಮುಂಬಯಿ ಮ್ಯಾಲೆ ಗೋವಾಕ್ಕ ಬಂದ, ಒಂದೇ ಟಿಕೆಟ್ಟು. ಬ್ಯಾಗಿನ್ಯಾಗ ಹೊಸಾ ಲ್ಯಾಪ್‌ಟಾಪು, ಒಂದು ವಾಚು ಇತ್ತು, ಗೋವಾದ ದಾಬೋಳಿ ಏರ್‌ಪೋರ್ಟ್ ಒಳಗ ಬೆಲ್ಟ್ ಮ್ಯಾಲೆ ಬ್ಯಾಗ್ ಬಂದಾಗ ಹಗುರ ಅನಿಸ್ತು, ತಗದು ನೋಡಿದ್ರ ಎರಡೂ ಇಲ್ಲ. ಅಲ್ಲೇ ಪಿಐಆರ್ ಬರಸೀವಿ. ಈಗ ಏರ್‌ಲೈನ್‌ದವರು ಮುಂಬಯಿ-ಗೋವಾ ಡೊಮೆಸ್ಟಿಕ್ ಐತಿ, ಕಿಲೋಕ್ಕ 350 ಕೊಡ್ತೀವಿ ಅನ್ನಾಕತ್ತಾರ. ಇದು ಖರೇ ಏನ್ರಿ?

ಉತ್ತರ: ಅಲ್ಲ ತಮ್ಮಾ, ಒಪ್ಕೋಬೇಡಿ. ಒಂದೇ ಟಿಕೆಟ್ ಮೇಲೆ ದುಬೈಯಿಂದ ಗೋವಾದವರೆಗೆ ಬುಕ್ ಆಗಿದ್ರೆ ಪೂರ್ತಿ ಪ್ರಯಾಣ ಅಂತಾರಾಷ್ಟ್ರೀಯವೇ, ಕೊನೇ ತುಂಡು ಭಾರತದೊಳಗೆ ಇದೆ ಅನ್ನೋ ಕಾರಣಕ್ಕೆ ಡೊಮೆಸ್ಟಿಕ್ ಆಗಲ್ಲ. ಇದಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯ ಆಗುತ್ತೆ, ಭಾರತ 2009ರಲ್ಲಿ ಸೇರಿದೆ, ಯುಎಇ ಕೂಡ ಇದೆ. ಅದರಲ್ಲಿ ಒಬ್ಬ ಪ್ರಯಾಣಿಕನ ಲಗೇಜಿನ ಮಿತಿ ಎಸ್‌ಡಿಆರ್ ಅನ್ನೋ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದಲ್ಲಿದೆ, ಮೊದಲು 1288 ಇತ್ತು, 2024ರ ಡಿಸೆಂಬರ್ 28ರಿಂದ 1519 ಆಗಿದೆ, ರೂಪಾಯಿಗೆ ತಂದ್ರೆ ಒಂದೂವರೆ ಲಕ್ಷಕ್ಕಿಂತ ಮೇಲೆ. ಅಷ್ಟೂ ಕೊಟ್ಟೇ ಕೊಡ್ತಾರೆ ಅಂತ ಅಲ್ಲ, ಅದು ಗರಿಷ್ಠ, ನಿಮ್ಮ ನಷ್ಟ ಬಿಲ್ಲಿಂದ ತೋರಿಸ್ಬೇಕು. ಆದ್ರೆ ಕಿಲೋ ಲೆಕ್ಕ ಇಲ್ಲಿಗೆ ಬರಲ್ಲ. ಕಾನೂನಿನ ಮಿತಿಗಿಂತ ಕಮ್ಮಿ ಕೊಡ್ತೀವಿ ಅಂತ ಏರ್‌ಲೈನ್ ತನ್ನ ಷರತ್ತಲ್ಲಿ ಬರ್ಕೊಂಡ್ರೆ ಆ ಷರತ್ತು ನಿಲ್ಲಲ್ಲ ಅಂತ ಅದೇ ಒಪ್ಪಂದದ 26ನೇ ಕಲಂ ಹೇಳುತ್ತೆ, ನಿಮ್ಮ ಪತ್ರದಲ್ಲಿ ಅದನ್ನ ಹೆಸರಿಸಿ ಬರೀರಿ. ಎರಡು ಬೇರೆ ಬೇರೆ ಏರ್‌ಲೈನ್ ಆಗಿದ್ರೆ "ನಮ್ಮಲ್ಲಿ ಆಗಿಲ್ಲ, ಅವರನ್ನ ಕೇಳಿ" ಅಂತ ಒಬ್ಬರ ಮೇಲೊಬ್ಬರು ಹಾಕ್ತಾರೆ, ಆದ್ರೆ ಲಗೇಜ್ ವಿಷಯದಲ್ಲಿ ಮೊದಲ ಏರ್‌ಲೈನನ್ನೂ ಕೇಳಬಹುದು, ಕೊನೇದನ್ನೂ ಕೇಳಬಹುದು, ಆಯ್ಕೆ ನಿಮ್ದು.

ಬ್ಯಾಗ್ ಹಗುರ ಅನಿಸ್ತು ಅಂದ್ರಲ್ಲ, ಅದೇ ನಿಮ್ಮ ದೊಡ್ಡ ಸಾಕ್ಷಿ ಆಗಬಹುದು. ಚೆಕ್‌ಇನ್‌ನಲ್ಲಿ ಎಷ್ಟು ಕಿಲೋ ಇತ್ತು ಅಂತ ಅವರ ಕಂಪ್ಯೂಟರಲ್ಲಿ ದಾಖಲೆ ಇರುತ್ತೆ, ಬ್ಯಾಗ್ ಟ್ಯಾಗ್ ಮೇಲೂ ಸಾಮಾನ್ಯವಾಗಿ ಇರುತ್ತೆ. ಲ್ಯಾಪ್‌ಟಾಪ್ ಅಂದ್ರೆ ಚಾರ್ಜರ್ ಸೇರಿ ಎರಡು ಕಿಲೋ ಹತ್ರ, ಆ ವ್ಯತ್ಯಾಸ ಮುಚ್ಚಿಡೋಕಾಗಲ್ಲ. ಬ್ಯಾಗನ್ನ ಗೋವಾದಲ್ಲಿ ತೂಕ ಮಾಡಿ ಪಿಐಆರ್‌ನಲ್ಲಿ ಬರ್ಸಿದೀರಾ ನೋಡಿ, ಇಲ್ಲದಿದ್ರೆ ಚೆಕ್‌ಇನ್ ತೂಕದ ದಾಖಲೆ ಕೊಡಿ ಅಂತ ಲಿಖಿತವಾಗಿ ಕೇಳಿ. ಮುಂಬಯಿಯಲ್ಲಿ ಕಸ್ಟಮ್ಸ್‌ಗೆ ಅಂತ ಬ್ಯಾಗ್ ತಗೊಂಡು ಮತ್ತೆ ಕೊಟ್ಟಿದ್ರೆ ಅಣ್ಣನಿಗೆ ನೆನಪು ಮಾಡ್ಕೊಳ್ಳೋಕೆ ಹೇಳಿ, ಅಲ್ಲಿ ತೂಕ ಎಷ್ಟಿತ್ತು, ಝಿಪ್ ಹೇಗಿತ್ತು, ಯಾಕಂದ್ರೆ ಕಳವು ಯಾವ ತುಂಡಲ್ಲಿ ಆಯ್ತು ಅಂತ ಪೊಲೀಸರಿಗೆ ಅದರಿಂದಲೇ ಗೊತ್ತಾಗೋದು. ದಾಬೋಳಿ ಏರ್‌ಪೋರ್ಟ್ ಠಾಣೆಯಲ್ಲಿ ಎಫ್‌ಐಆರ್ ಮಾಡ್ಸಿ, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬಿಲ್ಲಲ್ಲಿ ಇದ್ರೆ ಸೇರಿಸಿ. ಮುಂದೆ ಆಯೋಗಕ್ಕೆ ಹೋಗೋದಾದ್ರೆ ನಿಮಗೆ ದಕ್ಷಿಣ ಗೋವಾ ಜಿಲ್ಲಾ ಆಯೋಗ, ಮಡಗಾಂವ್.

ಪ್ರಶ್ನೆ: ಮಗಳು ಪುಣೆಯಿಂದ ಓದೋಕೆ ಅಮೆರಿಕಕ್ಕೆ ಹೊರಟಿದ್ದಾಳೆ. ಸ್ವಲ್ಪ ಒಡವೆ, ಕ್ಯಾಮೆರಾ ಇದೆ. ಟ್ರಾವೆಲ್ ಇನ್ಶೂರೆನ್ಸ್ ತಗೊಂಡಿದ್ದೀವಿ, ಅದು ಸಾಕಲ್ವಾ?

ಉತ್ತರ: ಪಾಲಿಸಿ ಓದಿ ನೋಡಿ. ನಮ್ಮಲ್ಲಿ ಸಿಗೋ ಹೆಚ್ಚಿನ ಟ್ರಾವೆಲ್ ಪಾಲಿಸಿಗಳಲ್ಲಿ ಚೆಕ್‌ಇನ್ ಬ್ಯಾಗ್ ಕವರ್ ಅಂದ್ರೆ ಇಡೀ ಬ್ಯಾಗ್ ಕಳೆದುಹೋದ್ರೆ ಮಾತ್ರ, ಒಳಗಿಂದ ಒಂದೆರಡು ವಸ್ತು ಹೋದ್ರೆ ಬರಲ್ಲ, ಒಡವೆಯನ್ನಂತೂ ಸಾಮಾನ್ಯವಾಗಿ ಹೊರಗೇ ಇಟ್ಟಿರ್ತಾರೆ. ಹಾಗಾಗಿ ಒಡವೆ, ಕ್ಯಾಮೆರಾ, ಸರ್ಟಿಫಿಕೇಟ್ ಕೈಚೀಲದಲ್ಲೇ ಹೋಗ್ಲಿ, ಅದೂ ಬೇರೆ ಒಂದು ಸಣ್ಣ ಪೌಚಲ್ಲಿ. ಈ ಪೌಚ್ ಯಾಕೆ ಅಂದ್ರೆ, ಫ್ಲೈಟ್ ತುಂಬಿದಾಗ ಗೇಟ್ ಹತ್ರ ನಿಂತು ಕ್ಯಾಬಿನ್ ಬ್ಯಾಗನ್ನೂ ಕೆಳಗೆ ಹಾಕ್ತೀವಿ ಅಂತ ಟ್ಯಾಗ್ ಕಟ್ಟಿ ತಗೊಂಡ್ಬಿಡ್ತಾರೆ, ಹಿಂದೆ ಕ್ಯೂ ಇರುತ್ತೆ, ಮಕ್ಕಳು ಗಡಿಬಿಡಿಯಲ್ಲಿ ಹಾಗೇ ಕೊಟ್ಟುಬಿಡ್ತಾರೆ. ಪೌಚ್ ಎಳ್ಕೊಂಡು ಭುಜಕ್ಕೆ ಹಾಕ್ಕೊಳ್ಳೋದು ಒಂದು ಕ್ಷಣದ ಕೆಲಸ, ಇದನ್ನ ಅವಳಿಗೆ ಹೊರಡೋ ಮುಂಚೆ ಹೇಳಿಡಿ.

ಅಮೆರಿಕದಲ್ಲಿ ಟಿಎಸ್‌ಎ ಅನ್ನೋ ಸರ್ಕಾರಿ ಸಂಸ್ಥೆ ಚೆಕ್‌ಇನ್ ಬ್ಯಾಗನ್ನ ನಾವು ಇಲ್ಲದಾಗ್ಲೇ ತೆಗೆದು ನೋಡಬಹುದು, ಟಿಎಸ್‌ಎ ಗುರುತಿನ ಲಾಕ್ ಇದ್ರೆ ಅವರ ಕೀಲಿಯಿಂದ ತೆಗೀತಾರೆ, ಇಲ್ಲದಿದ್ರೆ ಮುರೀತಾರೆ, ನೋಡಿದ್ಮೇಲೆ ಒಳಗೆ ಒಂದು ಚೀಟಿ ಇಡ್ತಾರೆ. ಅವಳು ವಾಪಸ್ ಬರೋವಾಗ ಆ ಚೀಟಿ ಸಿಕ್ಕಿ ಸಾಮಾನು ಕಮ್ಮಿ ಇದ್ರೆ ಬಿಸಾಡಬಾರ್ದು, ಟಿಎಸ್‌ಎಗೂ ಬೇರೆಯಾಗಿ ಕ್ಲೇಮ್ ಹಾಕೋಕಾಗುತ್ತೆ. ಒಡವೆ ತಗೊಂಡು ಹೋಗೋವಾಗ ಕಸ್ಟಮ್ಸಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿದ್ರೆ ವಾಪಸ್ ತರೋವಾಗ ತೆರಿಗೆ ಪ್ರಶ್ನೆ ಬರಲ್ಲ, ಕಳೆದ್ರೆ ಇಂಥ ಒಡವೆ ಇತ್ತು ಅನ್ನೋಕೆ ಸರ್ಕಾರಿ ಕಾಗದವೂ ಆಗುತ್ತೆ. ತೀರಾ ಬೆಲೆಬಾಳೋದನ್ನ ಚೆಕ್‌ಇನ್‌ನಲ್ಲೇ ಕಳಿಸ್ಬೇಕಾದ ಪರಿಸ್ಥಿತಿ ಬಂದ್ರೆ, ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಬೆಲೆ ಮೊದಲೇ ಘೋಷಿಸಿ ಹೆಚ್ಚಿನ ಹಣ ಕಟ್ಟೋ ವ್ಯವಸ್ಥೆ ಮೇಲೆ ಹೇಳಿದ ಮಾಂಟ್ರಿಯಲ್ ಒಪ್ಪಂದದಲ್ಲೇ ಇದೆ, ಕೌಂಟರಲ್ಲಿ ಕೇಳಿ, ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಸೂಟ್‌ಕೇಸ್ ಹೊಸದು ತಗೊಳ್ಳೋದಾದ್ರೆ ಝಿಪ್ ಇಲ್ಲದ, ಕ್ಲಿಪ್ ಹಾಕೋ ಗಟ್ಟಿ ಫ್ರೇಮಿಂದು ತಗೊಳ್ಳಿ.

ಪ್ರಶ್ನೆ: ಮುಲುಂಡಿಂದ ಬರೀತಿದ್ದೀನಿ. ಬ್ಯಾಗಿಂದ ಬೆಳ್ಳಿ ಪೂಜಾ ಸಾಮಾನು ಕಳುವಾಯ್ತು, ಪೊಲೀಸ್ ಠಾಣೆಗೆ ಹೋದ್ರೆ ಆನ್‌ಲೈನಲ್ಲಿ ಲಾಸ್ಟ್ ರಿಪೋರ್ಟ್ ಹಾಕಿ ಸಾಕು ಅಂತ ಕಳಿಸಿದ್ರು.

ಉತ್ತರ: ಸಾಕಾಗಲ್ಲ. ಲಾಸ್ಟ್ ರಿಪೋರ್ಟ್ ಅಂದ್ರೆ ನೀವೇ ಕಳ್ಕೊಂಡಿದ್ದೀರಿ ಅಂತ, ಅದರ ಮೇಲೆ ತನಿಖೆ ನಡಿಯಲ್ಲ, ಇನ್ಶೂರೆನ್ಸ್‌ನವರೂ ಕಳವಿಗೆ ಎಫ್‌ಐಆರೇ ಕೇಳ್ತಾರೆ. ಮಾಲು 5,000 ರೂಪಾಯಿಗಿಂತ ಕಮ್ಮಿ ಇದ್ರೆ ಎನ್‌ಸಿ, ಅಂದ್ರೆ ಕೋರ್ಟ್ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲದ ದೂರು ಅಂತ ಬರ್ಕೊಳ್ಳೋಕೆ ಕಾನೂನಲ್ಲಿ ಜಾಗ ಇದೆ, ಅದಕ್ಕಿಂತ ಮೇಲಿದ್ರೆ ಎಫ್‌ಐಆರ್ ತಗೊಳ್ಳಲೇಬೇಕು. ಬೆಳ್ಳಿಯ ಬಿಲ್, ತೂಕ, ಇವತ್ತಿನ ಬೆಲೆ ಒಂದು ಹಾಳೆಯಲ್ಲಿ ಬರೆದು ಮತ್ತೆ ಹೋಗಿ, ದೂರನ್ನ ಮರಾಠಿ ಅಥವಾ ಹಿಂದಿಯಲ್ಲಿ ಟೈಪ್ ಮಾಡಿಸ್ಕೊಂಡು ಹೋದ್ರೆ ಕೆಲಸ ಬೇಗ ಆಗುತ್ತೆ. ಆಗಲೂ ತಗೊಳ್ಳದಿದ್ರೆ ಅದೇ ದೂರನ್ನ ಡಿಸಿಪಿಗೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ಎಫ್‌ಐಆರ್ ಆದ್ಮೇಲೆ ಅದರ ಕಾಪಿ ನಿಮಗೆ ಪುಕ್ಕಟೆ ಕೊಡ್ಬೇಕು, ಕೇಳಿ ತಗೊಂಡೇ ಹೊರಗೆ ಬನ್ನಿ.