1975ರ ಜುಲೈ ಪತ್ರಿಕೆಗಳಲ್ಲಿ ಪ್ರತಿಭಟನೆ ಸುದ್ದಿ ಯಾಕಿಲ್ಲ?

ಆ ತಿಂಗಳ ಹಳೆಯ ಪತ್ರಿಕೆಗಳಲ್ಲಿ ಹುಡುಕಿಯೂ ಪ್ರತಿಭಟನೆ ಸುದ್ದಿ ಸಿಗಲಿಲ್ಲವೇ? ನೀವು ಹುಡುಕಿದ್ದರಲ್ಲಿ ತಪ್ಪಿಲ್ಲ, ಕಾರಣ ಬಹುಶಃ ಸೆನ್ಸಾರ್. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಆಮೇಲೆ ಇಂಥ ಸುದ್ದಿ ಅಚ್ಚಾಗಲು ಮೊದಲೇ ಸರ್ಕಾರದ ಒಪ್ಪಿಗೆ ಬೇಕಿತ್ತು.

ಹಾಗಾಗಿ ಜುಲೈ ಬಿಟ್ಟು, ಮೊದಲು ಜೂನ್ 12ರ ನಂತರದ ಸಂಚಿಕೆಗಳನ್ನು ತೆಗೆಸಿ. ಪ್ರಧಾನಿ ಇಂದಿರಾ ಗಾಂಧಿಯ ಲೋಕಸಭಾ ಆಯ್ಕೆ ಅಸಿಂಧು ಎಂದ ಅಲಹಾಬಾದ್ ಹೈಕೋರ್ಟ್ ತೀರ್ಪು, ಅವರು ರಾಜೀನಾಮೆ ಕೊಡಲಿ ಎಂಬ ಕೂಗು, ಎಲ್ಲ ಅಲ್ಲಿ ಸಿಗುತ್ತದೆ. ಆಮೇಲೆ ಜೂನ್ 28ರ ದೆಹಲಿಯ ಇಂಡಿಯನ್ ಎಕ್ಸ್‌ಪ್ರೆಸ್ ನೋಡಿ. ಸಂಪಾದಕೀಯದ ಜಾಗ ಪೂರ್ತಿ ಬಿಳಿ. ಒಂದಕ್ಷರ ಇಲ್ಲ. ಆ ಬಿಳಿ ಚೌಕವೇ ಪ್ರತಿಭಟನೆ ಅಲ್ವಾ? ಅದನ್ನೂ ಟಿಪ್ಪಣಿ ಮಾಡಿಕೊಳ್ಳಿ.

ಆದರೆ ಖಾಲಿ ಜಾಗವೆಲ್ಲ ಪ್ರತಿಭಟನೆ ಅಂತ ಖಚಿತವಾಗಿ ಹೇಳಲಾಗದು. ಸ್ಕ್ಯಾನ್ ಕೆಟ್ಟಿರಲೂಬಹುದು. ಗ್ರಂಥಾಲಯದಲ್ಲಿ ಮೂಲ ಪ್ರತಿ ಕೇಳಿ.

ಕೊನೆಗೆ 1977ರ ಜನವರಿ 18ರ ನಂತರದ ಸಂಚಿಕೆಗಳಿಗೆ ಹೋಗಿ. ಚುನಾವಣೆ ಘೋಷಣೆಯಾಗಿ ಬಿಗಿ ಸಡಿಲವಾಗಿತ್ತು. ಅದುಮಿಟ್ಟ ಸುದ್ದಿ ಜಾಸ್ತಿ ಸಿಗುವುದು ಅಲ್ಲೇ.